ಪಕ್ಕದ ಸೀಟಿನ ಕಾರುಬಾರು

ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ. ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಿಂದ ಕೊತ್ತಂಬರಿ ಸೊಪ್ಪು, ತೆಂಗಿನಕಾಯಿ ಹಿಡಿದು ಹೊರಬಂದವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನನ್ನ ಕಾರಿನ ಪಕ್ಕದಲ್ಲಿ ಹಳೆಯ ಕಾಲದ್ದೊಂದು ಕಾರು ಕಿಟಕಿ ಇಳಿಸಿಕೊಂಡು ನಿಂತಿತ್ತು. ಉದ್ದನೆಯ ಮೂತಿ, ಒರಗಿ ಮಲಗಿದ ಹಾಗಿರುವ ಮುಂದಿನ ಗಾಜು, ಬೆನ್ನಿನ ತುಂಬ ಇನ್ನೊಂದು ಗಾಜು, ಎರಡೇ ಬಾಗಿಲು. ಯಾರೋ ಆಸ್ಥೆಯಿಂದ ಕಾಪಾಡಿಕೊಂಡು ಬಂದಿದ್ದರು. ಕಿಟಕಿಯೊಳಗೆ ಇಣುಕಿ, ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗ ನೋಡಿದೆ. ನೆಲದಿಂದ ಮೇಲೆದ್ದ ಆ ದಿಬ್ಬ ಅಲ್ಲಿ ಇದ್ದೇ ಇತ್ತು... ಕಾಕಾ ಬೈದು ಬೈದು ಬರೆಸಿದ್ದ ದಿಬ್ಬ.

ನಾನು ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಈ ಊರಿಗೆ ಬಂದದ್ದು ಎಂಬತ್ತರ ದಶಕದ ಮೊದಮೊದಲಿಗೆ. ನಮ್ಮ ಅಪಾರ್ಟ್‌ಮೆಂಟಿನ ಎದುರು ಸಾಲಿನಲ್ಲಿ ಧಾರವಾಡದ ಒಂದು ಸಂಸಾರವಿತ್ತು. ಯಜಮಾನರು ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು, ನಲವತ್ತು ದಾಟಿದವರು. ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಬ್ಬಳೇ ಮಗಳು ಹೈಸ್ಕೂಲಿಗೆ ಕಾಲಿಡುತ್ತಿದ್ದಳು; ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸುತ್ತಲಿನ ಕನ್ನಡದವರೆಲ್ಲ ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಕಾಕಾಗೆ ಕಾರೆಂದರೆ ಪ್ರಾಣ. ಹಾಗೆಂದು ಅವರು ಕಾರು ಓಡಿಸಿದ್ದನ್ನು ಯಾರೂ ನೋಡಿರಲಿಲ್ಲ. ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು, ಉಳಿದ ಕಡೆಗೆಲ್ಲ ಕಾಕು ಓಡಿಸುತ್ತಿದ್ದರು. ಕಣ್ಣಿನ ತೊಂದರೆ ಎಂದು ಕಾಕು ಒಂದು ಸಲ ಹೇಳಿದ್ದರು. ಆದರೆ ರಸ್ತೆಯ ಆ ತುದಿಯಲ್ಲಿ ಬರುತ್ತಿರುವ ಕಾರು ಯಾವ ವರ್ಷದ್ದು, ಇಂಜಿನ್ನು ಎಷ್ಟು ದೊಡ್ಡದು ಎಂದು ಹೇಳುವ ಕಣ್ಣಿಗೆ ಎಂಥ ತೊಂದರೆಯೋ... ಯಾರೂ ಕೆದಕುತ್ತಿರಲಿಲ್ಲ. ಬೆನ್ನ ಹಿಂದೆ ನಗುತ್ತಿದ್ದರು ಅಷ್ಟೆ.

ಆಗ ಇಲ್ಲಿನ ಕನ್ನಡಿಗರೆಲ್ಲ ಸೇರಿ ಯುಗಾದಿಗೊಂದು, ದೀಪಾವಳಿಗೊಂದು ಪತ್ರಿಕೆ ತರುತ್ತಿದ್ದರು. ಕನ್ನಡದ ಟೈಪ್‌ರೈಟರು ಇರಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಇಡೀ ಪತ್ರಿಕೆಯನ್ನು ನನ್ನಿಂದ ಬರೆಸಿ ಜೆರಾಕ್ಸ್ ಮಾಡಿಸುತ್ತಿದ್ದರು. ಅದರಲ್ಲಿ ಕಾಕಾ ಕಾರುಗಳ ಬಗ್ಗೆ ಬರೆಯುತ್ತಿದ್ದರು. ಅಂಕಣದ ಹೆಸರು ‘ಕಾರುಬಾರು’. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕೂತು ಹೇಳಿ ಬರೆಸುವರು. ಧಾರವಾಡದ ಮಾತನ್ನು ಹಾಗೆಯೇ ಬರೆಯಬೇಕು, ತಿದ್ದಕೂಡದು ಎಂಬ ಕರಾರು ಬೇರೆ.

ಒಂದು ಯುಗಾದಿಗೆ ಅವರು ಆರಿಸಿಕೊಂಡದ್ದು ಒಂದು ಮಸಲ್ ಕಾರು. ದೊಡ್ಡ ಇಂಜಿನ್ನು, ದೊಡ್ಡ ಸದ್ದು, ಅಮೆರಿಕದ ಹುಡುಗರು ಕನಸು ಕಾಣುವಂಥದ್ದು. ಓದಲೆಂದು ಈ ದೇಶಕ್ಕೆ ಬಂದ ಹೊಸದರಲ್ಲಿ ಕಾಕಾ ಅದರ ಹಳೆಯ ಮಾದರಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಈಗ ಕಂಪನಿಯವರು ಅದರ ಮೈಕಟ್ಟನ್ನು ತಲೆಯಿಂದ ಕಾಲಿನವರೆಗೆ ಬದಲಾಯಿಸಿ ಹೊಸದಾಗಿ ಬಿಟ್ಟಿದ್ದರು. ಅದರ ರೂಪ ಹೇಗಿದೆ, ಓಟ ಹೇಗಿದೆ, ಎರಡನ್ನೂ ಬರೆಯಬೇಕು.

“ರೂಪ ಹೊರಗಿಂದ ನೋಡಿ ಬರೀಬಹುದು. ಓಟ ಕೂತು ನೋಡಬೇಕು. ನೀ ಓಡಸು, ನಾ ಪಕ್ಕದಾಗ ಕೂಡ್ತೀನಿ” ಎಂದರು.

ನನಗೆ ಲೈಸೆನ್ಸು ಸಿಕ್ಕಿತ್ತು ನಿಜ. ಆದರೆ ನಾನು ಓಡಿಸುತ್ತಿದ್ದದ್ದು ಗ್ರೋಸರಿಗೆ, ಲೈಬ್ರರಿಗೆ, ಅದೂ ಒಳರಸ್ತೆಗಳಲ್ಲಿ. ಕಲಿಯುವಾಗ ಒಮ್ಮೆ ಹೆದ್ದಾರಿಗೆ, ಎಂದರೆ ಫ್ರೀವೇಗೆ, ಸೇರುವ ಜಾಗದಲ್ಲಿ ಹಿಂದಿನಿಂದ ಒಂದು ಟ್ರಕ್ಕು ಹಾರ್ನ್ ಬಾರಿಸುತ್ತ ಮೈಮೇಲೆ ಬಂದಂತಾಗಿ, ಆಮೇಲೆ ಆ ಕಡೆಗೆ ತಲೆ ಹಾಕಿರಲಿಲ್ಲ. ಆ ವಾರವೇ ಪಕ್ಕದ ಊರು ಫ್ರೀಮಾಂಟಿನಲ್ಲಿ ನನಗೊಂದು ಕೆಲಸ ಸಿಗುವ ಸೂಚನೆ ಬಂದಿತ್ತು. ಫ್ರೀವೇ ಇಲ್ಲದೆ ಅಲ್ಲಿಗೆ ಹೋಗುವ ದಾರಿಯಿಲ್ಲ. ಆಗುವುದಿಲ್ಲ ಎಂದು ಹೇಳಿಬಿಡೋಣ ಅಂದುಕೊಂಡಿದ್ದೆ. ಮನೆಯವರಿಗೂ ತಿಳಿಸಿರಲಿಲ್ಲ.

ಶೋರೂಮಿನ ಸೇಲ್ಸ್‌ಮನ್ ಆರಡಿ ದಾಟಿದ ಆಸಾಮಿ. ಬೀಗದ ಕೈಯನ್ನು ಕಾಕಾನ ಕಡೆಗೆ ಚಾಚಿದ. ಕಾಕಾ ನನ್ನನ್ನು ತೋರಿಸಿದರು. ಅವನ ಮುಖದಲ್ಲಿ ಏನು ಬಂದು ಹೋಯಿತೋ, ಬೀಗದ ಕೈ ನನಗೆ ಕೊಟ್ಟು ತಾನು ಹಿಂದಿನ ಸೀಟಿಗೆ ತೂರಿಕೊಂಡ. ಅದು ಸೀಟು ಎನ್ನುವುದು ಹೆಸರಿಗೆ ಮಾತ್ರ. ಅವನ ಮೊಣಕಾಲು ಗದ್ದಕ್ಕೆ ತಗಲುತ್ತಿತ್ತು. ನಾನು ಕೂತರೆ ನೆಲದ ಮೇಲೆ ಕಾಲು ಚಾಚಿ ಕೂತಂತೆ. ಮೂತಿ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣದು. ಹೊಸ ರೆಕ್ಸಿನ್ನಿನ ವಾಸನೆ ಒಳಗೆಲ್ಲ ತುಂಬಿತ್ತು.

ಒಳರಸ್ತೆಯಲ್ಲಿ ಎರಡು ಸುತ್ತು ಹಾಕಿದೆ. ಕಾಕಾ ಬಾಗಿಲಿನ ಮೇಲೆ ಕೈ ಆಡಿಸಿದರು, ಗಾಜನ್ನು ಬೆರಳಿನಿಂದ ತಟ್ಟಿದರು, ಪಾದವನ್ನು ಆ ಕಡೆ ಈ ಕಡೆ ಇಟ್ಟು ನೋಡಿದರು. ಆಮೇಲೆ ಫ್ರೀವೇಯ ಫಲಕ ಬಂದಾಗ ಬಲಕ್ಕೆ ಕೈ ತೋರಿಸಿದರು.

“ಕಾಕಾ, ನನಗೆ ಅಲ್ಲಿ ಆಗಲ್ಲ.”

“ಆಗ್ತದ. ನಿನ್ನ ಬಲಗಾಲಿನ ಕೆಳಗ ಎಂಟು ಸಿಲಿಂಡರ್ ಅವ. ಹಿಂದ ಬರೋ ಟ್ರಕ್ಕಿನಂವಾ ಹೆದರಬೇಕು, ನೀ ಅಲ್ಲ. ಈಗ ಒತ್ತು.”

ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಯಾರೋ ಬೆನ್ನಿಗೆ ಅಂಗೈ ಕೊಟ್ಟು ತಳ್ಳಿದ ಹಾಗೆ ಕಾರು ಮುಂದಕ್ಕೆ ಹೋಯಿತು. ಹಿಂದೆ ಸೇಲ್ಸ್‌ಮನ್ನು ಏನೋ ಅಂದ. ಕಣ್ಣು ಬಿಟ್ಟುಕೊಂಡೇ ಇದ್ದೆ, ಆದರೂ ಏನು ನೋಡಿದೆನೋ ಇವತ್ತಿಗೂ ನೆನಪಿಲ್ಲ... ತಿಳಿವು ಬಂದಾಗ ಎರಡು ಕಾರುಗಳ ನಡುವೆ, ಅವುಗಳಷ್ಟೇ ವೇಗದಲ್ಲಿ, ನೆಟ್ಟಗೆ ಹೋಗುತ್ತಿದ್ದೆ. ಕಾಕಾ ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದಿಗೆ ಸಣ್ಣಗೆ ತಲೆಯಾಡಿಸುತ್ತಿದ್ದರು, ಸಂಗೀತ ಕಚೇರಿಯಲ್ಲಿ ಕೂತವರ ಹಾಗೆ. ಮುಂದಿನ ಎಕ್ಸಿಟ್ಟು ಬಂದಾಗ ಇಳಿಯಲು ನನಗೇ ಮನಸ್ಸಾಗಲಿಲ್ಲ.

ಶೋರೂಮಿನ ಎದುರಿಗಿದ್ದ ಡೋನಟ್ ಅಂಗಡಿಯಲ್ಲಿ ಕೂತು ಬರೆಸಿದರು. ನನ್ನ ಅಕ್ಷರ ಅಂದು ದುಂಡಗೆ ಬರಲಿಲ್ಲ.

“ಹಳೇದು ಜಟ್ಟಿ ಇದ್ಧಾಂಗ ಇತ್ತು, ಹೊಸಾದು ಓಟಗಾರ ಆಗ್ಯದ. ಸೊಂಟ ಕರಗಿಸ್ಯಾರ, ಮೂತಿ ಚೂಪ ಮಾಡ್ಯಾರ. ನೋಡಲಿಕ್ಕೆ ಭಾಳ ಚಲೋ. ಹಿಂದಿನ ಗಾಜು ಮಾತ್ರ ಅತಿ ಆತು. ಬ್ಯಾಸಿಗ್ಯಾಗ ಅದರ ಕೆಳಗ ಇಡ್ಲಿ ಇಟ್ರ ಬೇಯ್ತಾವ. ಶಕ್ತಿ ಮೊದಲಿನಷ್ಟು ಇಲ್ಲ. ಆದ್ರ ತಿರುವಿನಾಗ ಹಳೇದು ಚೀಲ ಹೇರಿದ ಬಂಡಿಯಂಗ ಹೊರಳ್ತಿತ್ತು, ಇದು ಹೇಳಿದ ಮಾತು ಕೇಳ್ತದ...” ಹೀಗೆ ಸಾಗಿ ಕೊನೆಗೆ ಆ ದಿಬ್ಬಕ್ಕೆ ಬಂದರು. ಕಾರಿನ ಕೆಳಗೆ ಹೊಗೆ ಶುದ್ಧ ಮಾಡುವ ಡಬ್ಬಿಯನ್ನು ಕೂರಿಸಲು ಪಕ್ಕದ ಸೀಟಿನ ಮುಂದಿನ ನೆಲವನ್ನೇ ಎತ್ತಿಬಿಟ್ಟಿದ್ದಾರೆ, ಕೂತವರು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಊರೆಲ್ಲ ತಿರುಗಬೇಕು, ಓಡಿಸುವವರ ಬಗ್ಗೆಯೇ ಯೋಚಿಸಿದ್ದಾರೆ ಹೊರತು ಪಕ್ಕದಲ್ಲಿ ಕೂರುವವರ ಬಗ್ಗೆ ಒಬ್ಬನೂ ಯೋಚಿಸಿಲ್ಲ ಎಂದು ಅರ್ಧ ಪುಟ ಬೈದರು.

ನಾನು ಪೆನ್ನು ಕೆಳಗಿಟ್ಟೆ. “ಕಾಕಾ, ಓಡಿಸಿದ್ದು ನಾನು. ಹೆಸರು ನಿಮ್ಮದು. ನೀವೇ ಒಂದು ಸಲ ಓಡಿಸಿ ನೋಡಿಬಿಡಿ, ಆಮೇಲೆ ಮುಗಿಸೋಣ.”

ಅವರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು. ಮಗಳು ಇನ್ನೂ ಚಿಕ್ಕವಳಿದ್ದಾಗ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಸಿಗ್ನಲ್ಲಿನಲ್ಲಿ ನಿಂತದ್ದು ನೆನಪು. ಮತ್ತೆ ಎಚ್ಚರವಾದಾಗ ಕಾರು ಯಾರದೋ ಮನೆಯ ಹುಲ್ಲುಹಾಸಿನ ಮೇಲಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮಗಳು ಹಿಂದೆ ಬಿಸ್ಕತ್ತು ತಿನ್ನುತ್ತ ಕೂತಿದ್ದಳು.

“ಫಿಟ್ಸ್ ಅಂದ್ರು ಡಾಕ್ಟರು. ಲೈಸೆನ್ಸ್ ಹೋತು. ಕಾರ್ ಮಾರಿದೆ. ಅದು ಹೋದದ್ದಕ್ಕ ದುಃಖ ಇಲ್ಲ ತಂಗಿ, ಹೋಗಬೇಕಿತ್ತು. ಆದ್ರ ನಿಮ್ಮ ಕಾಕು ಯಾರಿಗೂ ಹೇಳಬ್ಯಾಡ ಅಂದಾಳ. ನಾಳೆ ಹುಡುಗಿ ದೊಡ್ಡಾಕಿ ಆಗ್ತಾಳ, ಅಪ್ಪಗ ಇಂಥಾ ರೋಗ ಅದ ಅಂದ್ರ ಮಂದಿ ಏನಂತಾರ ಅಂತ ಆಕಿಗೆ ಹೆದರಿಕಿ.”

“ಈಗ ಕಾರಿನಲ್ಲಿ ಫಿಟ್ಸ್ ಬಂದಿದ್ದರೆ?”

“ಸ್ಟೀರಿಂಗ್ ನಿನ್ನ ಕೈಯಾಗ ಇತ್ತಲ್ಲ” ಎಂದು ನಕ್ಕರು.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಹೇಳಲಿಲ್ಲ. ಫ್ರೀಮಾಂಟಿನವರಿಗೆ ಮಾತ್ರ ಅದೇ ಸಂಜೆ ಫೋನು ಮಾಡಿ ಬರುತ್ತೇನೆ ಎಂದೆ.

ಯುಗಾದಿ ನಡೆದದ್ದು ಒಂದು ಸ್ಕೂಲಿನ ಊಟದ ಹಾಲಿನಲ್ಲಿ. ಪತ್ರಿಕೆಗೆ ಬರೆದವರು ತಮ್ಮ ಲೇಖನವನ್ನು ತಾವೇ ಓದುವುದು ರೂಢಿ. ಕಾಕಾ ಓದಿದರು. ಇಡ್ಲಿಯ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು, ದಿಬ್ಬಕ್ಕೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಓದಿ ಮುಗಿಸಿದಾಗ ಬೆಂಗಳೂರಿನ ಒಬ್ಬ ಇಂಜಿನಿಯರು ಎದ್ದು ನಿಂತರು. ಕೆಟ್ಟವರಲ್ಲ, ತಮಾಷೆಯ ಮನುಷ್ಯ.

“ಎಲ್ಲಾ ಸರಿ ಕಾಕಾ, ಲೈಸೆನ್ಸೇ ಇಲ್ದೆ ಪರ್ಫಾರ್ಮೆನ್ಸ್ ಬಗ್ಗೆ ಬರ್ದಿದೀರಲ್ಲ, ಇದು ಒಲೆ ಹಚ್ಚಕ್ಕೆ ಬರ್ದೇ ಇರೋರು ಹೋಟೆಲು ಇಟ್ಟ ಹಾಗಾಗ್ಲಿಲ್ವಾ?”

ಹಾಲೆಲ್ಲ ಮತ್ತೆ ನಕ್ಕಿತು. ನಾನು ನಗಲಿಲ್ಲ. ಕಾಕಾ ಬಡಿಸುವ ಮೇಜಿನ ಕಡೆ ನೋಡಿದರು. ಅಲ್ಲಿ ಕಾಕು ಪುಳಿಯೋಗರೆಯ ಪಾತ್ರೆಯಲ್ಲಿ ಸೌಟು ಹಿಡಿದು ನಿಂತಿದ್ದರು. ತಲೆಯನ್ನು ಅಲ್ಲಾಡಿಸಿದರೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಬೇಡ ಎಂದರು. ನನಗೆ ಕಂಡಿತು. ಕಾಕಾಗೂ ಕಂಡಿರಬೇಕು.

“ಲೈಸೆನ್ಸ್ ಇತ್ರಿ” ಎಂದರು ಕಾಕಾ, ಮೈಕಿನಲ್ಲಿ. “ಸರಕಾರದವರು ವಾಪಸ್ ತೊಗೊಂಡ್ರು. ನಂಗ ಫಿಟ್ಸ್ ಬರ್ತಾವ.”

ಇಂಜಿನಿಯರು ನಿಂತಲ್ಲೇ ನಿಂತಿದ್ದರು, ಕೂರಬೇಕೋ ಬೇಡವೋ ತಿಳಿಯದೆ. ಕಾಕು ತಲೆ ತಗ್ಗಿಸಿದ್ದರು. ಆಗ ಮಕ್ಕಳು ಕೂತಿದ್ದ ಮೂಲೆಯಿಂದ ಅವರ ಮಗಳ ದನಿ ಕೇಳಿತು. ಬೇಸರ ಬಂದವಳ ದನಿ.

“ಅಪ್ಪಾ, ಎವರಿಬಡಿ ನೋಸ್. ಐ ಟೋಲ್ಡ್ ಮೈ ಹೋಲ್ ಕ್ಲಾಸ್ ಇನ್ ಫಿಫ್ತ್ ಗ್ರೇಡ್.”

ಎಲ್ಲರೂ ಆ ಕಡೆ ತಿರುಗಿದರು. ನಮ್ಮ ಕನ್ನಡದ ಮಕ್ಕಳೆಲ್ಲ ಹೌದೆಂದು ತಲೆಯಾಡಿಸುತ್ತಿದ್ದರು. ಆ ಇಂಜಿನಿಯರ ಮಗನೇ, ಏಳೆಂಟು ವರ್ಷದವನು, ಎದ್ದು ನಿಂತು ಪಾಠ ಒಪ್ಪಿಸುವವನಂತೆ ಹೇಳಿದ: ಕಾಕಾ ಬಿದ್ದರೆ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ಇಡಬಾರದು, ಗಾಬರಿಯಾಗಬಾರದು. ಈ ಅಕ್ಕ ಹೇಳಿಕೊಟ್ಟಿದ್ದಾಳೆ ಎಂದು ಕಾಕಾನ ಮಗಳನ್ನು ತೋರಿಸಿದ.

ಕಾಕು ಸೌಟು ಬಿಟ್ಟು ಬೆಂಚಿನ ಮೇಲೆ ಕೂತುಬಿಟ್ಟರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದು ಓಡಿಹೋದೆ. ಅಳುತ್ತಿದ್ದರು ನಿಜ, ನಗುತ್ತಲೂ ಇದ್ದರು. “ಇಷ್ಟು ದಿನಾ ನಾ ಯಾರಿಂದ ಮುಚ್ಚಿಡ್ಲಿಕ್ಕೆ ಹತ್ತಿದ್ದೆ? ಯಾರ ಸಲವಾಗಿ ಮುಚ್ಚಿಟ್ಟೆನೋ ಆಕೀನ ಡಂಗುರಾ ಸಾರ್‍ಯಾಳ” ಎಂದರು. ಅವರ ಕೈ ನನ್ನ ಕೈಯಲ್ಲಿತ್ತು. ಅದು ಸಡಿಲವಾದದ್ದು ನನಗೆ ತಿಳಿಯಿತು.

ಇಂಜಿನಿಯರು ಬಂದು ಕಾಕಾನ ಕೈ ಹಿಡಿದುಕೊಂಡರು. ಏನು ಹೇಳಿದರೋ ಕೇಳಲಿಲ್ಲ. ಸೋಮವಾರದಿಂದ ಬೆಳಿಗ್ಗೆ ಅವರ ಕಾರು ಎದುರು ಸಾಲಿನ ಮುಂದೆ ಬಂದು ನಿಲ್ಲತೊಡಗಿತು. ಕಾಕಾಗೆ ಬಸ್ಸಿನ ಓಡಾಟ ತಪ್ಪಿತು. ಯುಗಾದಿಯ ಆ ಊಟದ ಹೊತ್ತಿಗೇ ಒಬ್ಬ ಹೆಂಗಸು ಕಾಕುವನ್ನು ಪಕ್ಕಕ್ಕೆ ಕರೆದು, ಮೈಸೂರಿನಲ್ಲಿರುವ ತನ್ನ ತಮ್ಮನಿಗೂ ಹೀಗೇ ಆಗುತ್ತದೆ, ಇಲ್ಲಿ ಯಾವ ಔಷಧಿ ಕೊಡುತ್ತಾರೆ ಎಂದು ಕೇಳಿದಳು. ಇಬ್ಬರೂ ತಟ್ಟೆಯಲ್ಲಿನ ಊಟ ತಣ್ಣಗಾಗುವವರೆಗೆ ಮಾತಾಡಿದರು.

ಮುಂದೆ ಔಷಧಿ ಬದಲಾಯಿತು. ಫಿಟ್ಸು ಬರುವುದು ನಿಂತಿತು. ದಶಕ ಮುಗಿಯುವ ಹೊತ್ತಿಗೆ ಡಾಕ್ಟರು ಒಪ್ಪಿ, ಕಾಕಾಗೆ ಲೈಸೆನ್ಸು ಮರಳಿ ಸಿಕ್ಕಿತು. ಈಗ ಆ ಮಸಲ್ ಕಾರನ್ನೇ ತರುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ತಂದದ್ದು ನಾಲ್ಕು ಬಾಗಿಲಿನ ಸಾಧುವಾದ ಬಿಳಿಯ ಕಾರು. ಯಾಕೆಂದು ಕೇಳಿದೆ.

“ಇನ್ನ ಮುಂದ ಪಕ್ಕದಾಗ ನಿಮ್ಮ ಕಾಕು ಕೂಡ್ತಾಳ. ಆಕಿ ಕಾಲಿಗೆ ಜಾಗ ಬೇಕಲ್ಲ.”

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಎಂಬತ್ತು ದಾಟಿತ್ತು. ಇಲ್ಲಿಂದ ಮುಕ್ಕಾಲು ಗಂಟೆ ದಾರಿಯ ಡಬ್ಲಿನ್ನಿನಲ್ಲಿ, ಮಗಳ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಫಿಟ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಗ್ರೋಸರಿಯ ಮುಂದೆ ಆ ಕಾರನ್ನು ಕಂಡ ದಿನ ನಾನು ನೇರ ಮನೆಗೆ ಹೋಗಲಿಲ್ಲ, ಡಬ್ಲಿನ್ನಿಗೆ ಹೋದೆ. ಕಾಕು ಒಬ್ಬರೇ ಇದ್ದರು, ಮಗಳು ಕೆಲಸಕ್ಕೆ ಹೋಗಿದ್ದಳು. ಅವಲಕ್ಕಿ ಕಲಸಿ ಕೊಟ್ಟರು. ಅದೂ ಇದೂ ಮಾತಾಡಿದೆವು. ಯುಗಾದಿಯ ಆ ದಿನವನ್ನು ನೆನೆದು ಇಬ್ಬರೂ ನಕ್ಕೆವು. ಆಮೇಲೆ ಕಾಕು ಹೇಳಿದರು.

“ಅವರು ಬಚ್ಚಲಮನಿಗೆ ಹೋದ್ರ ನಾ ಬಾಗಲ ಹೊರಗ ನಿಂತು ಕಿವಿ ಇಡ್ತಿದ್ದೆ, ಬಿದ್ದ ಸಪ್ಪಳ ಬರ್ತದೇನು ಅಂತ. ಗುಣ ಆದ ಮ್ಯಾಲೂ ಚಟ ಹೋಗ್ಲಿಲ್ಲ. ಒಂದು ದಿನಾನೂ ಬೀಳಲಿಲ್ಲ ನೋಡು, ನೆಟ್ಟಗ ಹೋದ್ರು. ಅದೊಂದು ಸಮಾಧಾನ.”

ಎದ್ದು ನನ್ನ ತಟ್ಟೆ ತೆಗೆದುಕೊಂಡರು.

“ಈಗ ಏನೂ ಬೀಳೂದಿಲ್ಲ ಅಂತ ಗೊತ್ತದ. ಆದ್ರೂ ಆ ಬಾಗಲ ಮುಂದ ಹಾದು ಹೋಗುವಾಗ ಕಾಲು ನಿಲ್ತಾವ.”