ಉಬ್ಬುಗನ್ನಡಿ ತೋರಿಸಿದ ದೂರ

ಮೊನ್ನೆ ಆಯುಧಪೂಜೆಯ ಸಂಜೆ ಮನೆಯೆದುರಿನ ಟೆಂಪೊ ಮುಂದಕ್ಕೆ ಸರಿದು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಆ ಹುಳಿ ವಾಸನೆ ಡೀಸೆಲ್ ಹೊಗೆಯೊಂದಿಗೆ ಬೆರೆತು ಮೂಗಿಗೆ ಬಡಿದದ್ದೇ ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮನೆಯವರಿಗೆ ನನ್ನ ಈ ಚಾಳಿ ಗೊತ್ತು, ಕಾರಣ ಗೊತ್ತಿಲ್ಲ.

ಐವತ್ತರ ದಶಕದ ಕೊನೆಯಲ್ಲಿ, ಗೊರಗುಂಟೆಪಾಳ್ಯದ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದರು. ನಾನು ಡ್ರೈವರ್ ಮಾಮ ಅನ್ನುತ್ತಿದ್ದೆ. ತುಮಕೂರು ರಸ್ತೆಯಲ್ಲಿ ಎತ್ತಿನಗಾಡಿಯೂ ಇವರನ್ನು ಹಿಂದೆ ಹಾಕುತ್ತದೆ ಎಂದು ಬೀದಿಯವರು ಚುಡಾಯಿಸುತ್ತಿದ್ದರು, ಅಷ್ಟು ನಿಧಾನ. ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು, ನನ್ನ ಓರಗೆಯವಳು.

ಲಾರಿಗೆ ಮೊದಲಿದ್ದದ್ದು ಮನೆಯಲ್ಲಿರುವಂಥದೇ ಚಪ್ಪಟೆ ಕನ್ನಡಿ. ಆ ವರ್ಷ ಪೂಜೆಗೆಂದು ಮಾಲೀಕರು ಉಬ್ಬುಗನ್ನಡಿ ಹಾಕಿಸಿಕೊಟ್ಟರು. ಇಡೀ ಬೀದಿ ಅದರೊಳಗೆ ಹಿಡಿಸುತ್ತಿತ್ತು. ಮಾಮ ಅದಕ್ಕೂ ಕುಂಕುಮ ಇಟ್ಟರು, ಕಾಯಿ ಒಡೆದರು, ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿಸಿದರು. ಆಮೇಲೆ ಹಿಂದಕ್ಕೆ ತೆಗೆಯಬೇಕಿತ್ತು. ಹಿಂದೆ ನಿಂತು ಕೂಗಬೇಕಾದ ಕ್ಲೀನರ್ ಕಡ್ಲೆಪುರಿ ಹಂಚುತ್ತಿದ್ದ. ಮಾಮ ಕನ್ನಡಿ ನೋಡಿಕೊಂಡು ನಿಧಾನವಾಗಿಯೇ ಬಿಟ್ಟರು. ಸಿಡಿದು ಹಿಂದೆ ಬಿದ್ದ ಕಾಯಿಚೂರು ಆರಿಸುತ್ತಿದ್ದ ಮಗಳು ಚಕ್ರದಡಿ...

ಕುಡಿದಿದ್ದ ಎಂದು ಜನ ಆಡಿಕೊಂಡರು. ಅವರು ಕುಡಿಯುವವರೇ ಅಲ್ಲ. ಯಾರು ಬಂದರೂ ಮಾಮನದು ಒಂದೇ ಮಾತು: "ಎಲ್ಲೋ ದೂರ್ದಲ್ಲಿದ್ಲು. ಓಡ್ ಬಂದ್ಬುಟ್ಲು." ಆ ಮಾತನ್ನು ಹಿಡಿದುಕೊಂಡೇ ಒಂದಿಷ್ಟು ಉಂಡು ಮಲಗುತ್ತಿದ್ದರು.

ನನ್ನ ಅಪ್ಪ ವಿಜ್ಞಾನದ ಮೇಷ್ಟ್ರು. ಮಾಮನ ತಪ್ಪಿಲ್ಲವೆಂದು ತೋರಿಸಲೇಬೇಕು ಎಂದು ಅವರಿಗೆ ಹಟ. ಒಂದು ಭಾನುವಾರ ಆ ಲಾರಿ ಕನ್ನಡಿಯನ್ನು ಬಿಚ್ಚಿಸಿ ತಂದು, ನಮ್ಮ ಜಗಲಿಯ ಮೇಲೆ ಮನೆಯ ಕನ್ನಡಿಯ ಪಕ್ಕಕ್ಕಿಟ್ಟು ಮಾಮನನ್ನೂ ಬೀದಿಯವರನ್ನೂ ಕರೆದರು. ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. ಚಪ್ಪಟೆ ಕನ್ನಡಿ ಇದ್ದದ್ದನ್ನು ಇದ್ದಷ್ಟೇ ತೋರಿಸುತ್ತದೆ. ತಗ್ಗುಗನ್ನಡಿ ಹತ್ತಿರವಿದ್ದದ್ದನ್ನು ದೊಡ್ಡದು ಮಾಡುತ್ತದೆ, ದೂರವಿದ್ದದ್ದನ್ನು ತಲೆಕೆಳಗು ಮಾಡುತ್ತದೆ. ಉಬ್ಬುಗನ್ನಡಿಯಾದರೆ ಬೆಳಕನ್ನು ಚದುರಿಸಿ ಎಲ್ಲವನ್ನೂ ಚಿಕ್ಕದಾಗಿ ತೋರಿಸುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಾವು ದೂರವಿದೆ ಅಂದುಕೊಳ್ಳುತ್ತೇವೆ. ಇಷ್ಟು ಹೇಳಿ ನನ್ನನ್ನು ಮಾಮನ ಬೆನ್ನ ಹಿಂದೆ, ಸ್ವಲ್ಪವೇ ಆಚೆ ನಿಲ್ಲಿಸಿದರು.

ಮಾಮ ಉಬ್ಬುಗನ್ನಡಿ ನೋಡಿದರು. ಮನೆಯ ಕನ್ನಡಿ ನೋಡಿದರು. ಮತ್ತೆ ಉಬ್ಬುಗನ್ನಡಿ... ಕೊನೆಗೆ ತಿರುಗಿ ನನ್ನನ್ನೇ ನೋಡಿದರು.

"ಅಂಗಾದ್ರೆ ಮಗು ಓಡ್ ಬರ್ಲಿಲ್ವಾ, ಮೇಷ್ಟ್ರೇ? ಇಲ್ಲೇ ಅತ್ರಾನೇ ಇತ್ತಾ?"

"ಹಂಗಲ್ಲ ಕಣಯ್ಯ, ನಿನ್ ತಪ್ಪಿಲ್ಲ ಅಂತ..." ಅಪ್ಪ ತಡವರಿಸಿದರು. ಉಬ್ಬುಗನ್ನಡಿಯನ್ನು ಬೋರಲು ಹಾಕಿದರು.

ಅಂದಿನಿಂದ ಜನ ಅವರನ್ನು ಕುಡುಕ ಅನ್ನುವುದನ್ನು ಬಿಟ್ಟರು. ಮಾಮ ಊಟ ಬಿಟ್ಟರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅಪ್ಪ ಯಶವಂತಪುರದ ಸ್ಟೇಷನ್, ಜಾಲಹಳ್ಳಿಯ ಬಯಲು ಎಲ್ಲ ಅಲೆದರು. ಸಿಗಲಿಲ್ಲ.

ಅಪ್ಪ ಹೋಗಿಯೂ ಬಹಳ ಕಾಲವಾಯಿತು. ಅವರು ಅಂದು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಈ ವಯಸ್ಸಿನಲ್ಲಿ ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಸುಮ್ಮನಿದ್ದಿದ್ದರೆ, ಮಗಳು ತಾನಾಗಿ ಓಡಿ ಬಂದಳೆಂಬುದೊಂದಾದರೂ ಮಾಮನಿಗೆ ಉಳಿದಿರುತ್ತಿತ್ತು. ಅದೂ ಹೋಯಿತು.