ಪೈಲಟ್ ಅಣ್ಣನ ಚಾಳೀಸು

ನಮ್ಮ ಸೈಮನ್ ಅಣ್ಣ ಏನೇ ಓದಬೇಕಾದರೂ ಕೈ ಉದ್ದಕ್ಕೆ ಚಾಚಿ, ಕತ್ತು ಹಿಂದಕ್ಕೆಳೆದು, ತಪ್ಪೆಲ್ಲ ಕಾಗದದ್ದೇ ಎನ್ನುವಂತೆ ಅದನ್ನು ದುರುಗುಟ್ಟಿ ನೋಡುತ್ತಿದ್ದ. ಹೈದರಾಬಾದಿನ ಖಾಸಗಿ ಕಂಪನಿಯೊಂದರ ಸಣ್ಣ ವಿಮಾನ ಹಾರಿಸುವವನು. ದೂರದ್ದೆಲ್ಲ ಸ್ಪಷ್ಟ, ವಯಸ್ಸಾಗುತ್ತ ಹತ್ತಿರದ ಅಕ್ಷರ ಮಾತ್ರ ಮಸಕಾಗಿತ್ತು. ಎಲ್ಲರಿಗೂ ಆಗುವುದೇ. ಆದರೆ ನೀನು ಎಲ್ಲರಂತಲ್ಲ ಎಂದು ಭಾಲ್ಕಿಯ ನಮ್ಮ ಚರ್ಚಿನವರು ಅವನ ತಲೆಗೆ ತುಂಬಿದ್ದರು.

ಅಪ್ಪ ಮಿಷನ್ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಬೈಬಲ್ ವಾಕ್ಯ ಬಾಯಿಪಾಠ ಒಪ್ಪಿಸದೆ ನಮಗೆ ಚಹಾ ಇರಲಿಲ್ಲ. ತಡವರಿಸುತ್ತಿದ್ದ ನನಗೆ ಸಿಗುತ್ತಿದ್ದುದು ತಣ್ಣಗಾದ ಚಹಾ. ಅಣ್ಣ ಒಮ್ಮೆ ಕೇಳಿದ್ದನ್ನು ಪಟಪಟ ಹೇಳಿಬಿಡುತ್ತಿದ್ದ. ಅದೇ ಅವನಿಗೆ ಮುಳುವಾಯಿತು. ಪ್ರತಿ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಬೈಬಲಿನ ಅದೇ ವೇದಪಾಠ ಓದುವವನು ಅವನೇ. ಕಣ್ಣು ಮಸಕಾದ ಮೇಲೂ ಪುಸ್ತಕ ತೆರೆದು ನಿಂತು, ನೆನಪಿನಿಂದ ಹೇಳಿ, ಸರಿಯಾದ ಹೊತ್ತಿಗೆ ಪುಟ ತಿರುವುತ್ತಿದ್ದ.

ಬೀದರಿನ ಚಾಳೀಸಿನ ಅಂಗಡಿಗೆ ಅವನನ್ನು ಎಳೆದುಕೊಂಡು ಹೋದವಳು ನಾನು.

"ಎದುರಿನ ಮೀಟರು, ತೊಡಿ ಮ್ಯಾಲಿನ ಕಾಗದ ನೋಡಲಿಕ್ಕ ಕೆಳಗ ಪವರ್ ಹಾಕ್ತೇನ್ರಿ," ಎಂದ ಅಂಗಡಿಯವ.

"ನಮಗ ತಲಿ ಮ್ಯಾಲೂ ಸ್ವಿಚ್ ಇರ್ತಾವರಿ," ಎಂದ ಅಣ್ಣ.

ಹಾಗಾಗಿ ಗಾಜಿನ ಕೆಳಗೂ ಮೇಲೂ ಹತ್ತಿರದ ಪವರು, ನಡುವೆ ಮಾತ್ರ ದೂರದ ನೋಟ. ಹೆಡ್‌ಫೋನಿನ ಕೆಳಗೆ ಒತ್ತದಂತೆ ತೆಳು ಕಡ್ಡಿಯ ಫ್ರೇಮು. ಹಾಕಿಕೊಂಡು ಕನ್ನಡಿ ನೋಡಿದವನೇ ಮುಖ ಸಣ್ಣಗೆ ಮಾಡಿದ.

"ಅಪ್ಪನ ಹಂಗ ಕಾಣ್ತೇನಿ, ರೂತಾ. ಈ ಮಾರಿ ನೋಡಿ ವಿಮಾನ ಯಾರು ಹತ್ತತಾರ?"

"ಕಣ್ಣ ಕಾಣಲಾರದ ಪೈಲಟನ ವಿಮಾನ ಯಾರು ಹತ್ತತಾರ? ಡಾಕ್ಟರೇ ಹಾಕ್ಕೊ ಅಂದಾರ. ಕಾನೂನಿನ್ಯಾಗ ನಡೀತದ."

ಲೈಸೆನ್ಸಿನ ತಪಾಸಣೆಗೆ ಹೋದಾಗ ಡಾಕ್ಟರರ ಮುಂದೆ ಹಾಕಿಕೊಂಡ, ವಿಮಾನದಲ್ಲಿ ತೆಗೆದಿಟ್ಟ. ವಿಮಾನ ಏಳುವ ಮುಂಚೆ ಮಾಡಬೇಕಾದ ಕೆಲಸಗಳನ್ನು ಕಾರ್ಡು ನೋಡಿ ಓದಿಯೇ ಹೇಳಬೇಕಂತೆ, ಎಷ್ಟು ಗೊತ್ತಿದ್ದರೂ ಬಾಯಿಪಾಠ ಕೂಡದಂತೆ. ಅಣ್ಣ ಕಾರ್ಡು ಹಿಡಿದು ಬಾಯಿಪಾಠವನ್ನೇ ಹೇಳುತ್ತಿದ್ದ. ಪಕ್ಕದ ಕಿರಿಯ ಪೈಲಟ್‌ಗಳು ಕಂಡರೂ ಸುಮ್ಮನಿದ್ದರು. ಒಂದು ದಿನ ಪರೀಕ್ಷಕರು ಜೊತೆಗೆ ಕೂತಾಗ ಕಾರ್ಡು ಬದಲಾಗಿತ್ತು. ಹೊಸ ಕಾರ್ಡು ಹಿಡಿದು ಹಳೆಯದನ್ನು ಒಪ್ಪಿಸಿದ. ಅವತ್ತೇ ಅವನನ್ನು ಕೆಳಗಿಳಿಸಿದರು. ಆಮೇಲೆ ಯಾವ ಕಂಪನಿಯೂ ಕರೆಯಲಿಲ್ಲ.

ಮುಂದಿನ ಸುಗ್ಗಿ ಹಬ್ಬಕ್ಕೆ ಸಾದಾ ಅಂಗಿ ಹಾಕಿಕೊಂಡು, ಚಾಳೀಸು ಏರಿಸಿ ಓದಲು ನಿಂತ. ನಡುವೆ ಗಕ್ಕನೆ ನಿಂತುಬಿಟ್ಟ. ಹೇಗೋ ಓದಿ ಮುಗಿಸಿ ಹೊರಗೆ ಬಂದು ಹಿರಿಯರನ್ನು ಕೇಳಿದ.

"ಈ ಪಾಠದಾಗ ಒಂದು ಸಾಲು ನಾ ಇಷ್ಟು ವರ್ಷ ಬಿಟ್ಟೇ ಹೇಳೀನಿ. ನಿಮ್ಮೆಲ್ಲರ ಕೈಯಾಗ ಪುಸ್ತಕ ಇತ್ತಲ್ರಿ. ಯಾರೂ ಯಾಕ ಹೇಳಲಿಲ್ಲ?"

"ಪೈಲಟ್ ಸಾಹೇಬರಿಗೆ ನಾವೇನ್ ಹೇಳೋದ್ರಿ," ಎಂದರು ಒಬ್ಬರು, ಮರ್ಯಾದೆಯಿಂದಲೇ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಅವನು ಮತ್ತೆ ಚರ್ಚಿಗೆ ಬರಲಿಲ್ಲ. ಔರಾದ ಕಡೆ, ಠಾಣಾ ಕುಶನೂರಿನಲ್ಲಿ ಅತ್ತಿಗೆಯ ತವರಿನ ಹೊಲ ನೋಡಿಕೊಂಡಿದ್ದಾನೆ. ಕಳೆದ ಸಲ ಹೋದಾಗ ತೊಗರಿಯ ನಡುವೆ ನಿಂತಿದ್ದ. ಮೂಗಿನ ಮೇಲೆ ಅದೇ ಚಾಳೀಸು, ಈಗ ತೆಗೆಯುವುದೇ ಇಲ್ಲ. ಬೀದರಿನ ಕಡೆಯಿಂದ ವಿಮಾನವೊಂದು ಬಂತು. ಅಣ್ಣ ತಲೆ ಎತ್ತಿದ. ಸ್ವಿಚ್ಚಿಗೆಂದು ಮೇಲೆ ಹಾಕಿಸಿದ ಹತ್ತಿರದ ಪವರಿನಲ್ಲಿ ದೂರದ ಆಕಾಶ ಸರಿಯಾಗಿ ಕಾಣುವುದಿಲ್ಲ.

"ತೆಗೆದು ನೋಡಣ್ಣಾ," ಎಂದೆ.

"ಬ್ಯಾಡ ಬಿಡು," ಎಂದ. "ಮಸಕಿದ್ರ ಛಲೋ."