ಜಹ್ರಾ ಕೋಟೆಗೆ ಒಬ್ಬಳು ಗೈಡ್

"ಕುವೈತಿಗೆ ಬಂದು ಹನ್ನೆರಡು ವರ್ಷ ಆತು. ಮಾಲ್ ಬಿಟ್ರ ಏನ್ ತೋರ್ಸೀರಿ?"

ನವೆಂಬರಿನ ಶುಕ್ರವಾರ ಬೆಳಿಗ್ಗೆ ಹೆಂಡತಿ ಸುನಂದಾ ಹೀಗೆ ಕೇಳಿದರೆ ಯಾವ ಗಂಡ ಮತ್ತೆ ಮಲಗಿಯಾನು? (ನಾನು ರಿಫೈನರಿಯ ಟೆಕ್ನಿಷಿಯನ್. ವಾರಕ್ಕೊಂದೇ ರಜೆ, ಅದೂ ನಿದ್ದೆಗೆ ಮೀಸಲು.) ಎದ್ದು ಕಾರು ತೆಗೆದೆ. ಎ.ಸಿ. ಬೇಡ, ಕಿಟಕಿ ಇಳಿಸಿದರೆ ಸಾಕು ಎನ್ನುವಂಥ ಹವೆ. ನಾವಿರುವ ಫಿಂಟಾಸ್‌ನಿಂದ, ಹಳೇ ಕೋಟೆಯಿರುವ ಜಹ್ರಾಕ್ಕೆ ಆರಾಮಾಗಿ ಹೊರಟೆವು.

ಹಿಂದಿನ ಸೀಟಿನಲ್ಲಿ ಹನ್ನೊಂದರ ಮಗಳು ಮೇಘಾ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಿಮ್ಮ ಮನೆಯಲ್ಲೂ ಹೀಗೇನಾ?

ಹೋಗಿ ನೋಡಿದರೆ ಕೋಟೆಯ ಬಾಗಿಲು ಹಾಕಿತ್ತು. ಶುಕ್ರವಾರ ತೆರೆಯುವುದು ಮಧ್ಯಾಹ್ನದ ಮೇಲಂತೆ. ಹತ್ತಿರದ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಸುನಂದಾ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಪಕ್ಕದ ಟೇಬಲಿನ ಬಿಳಿಗಡ್ಡದ ಹಿರಿಯರು ನಕ್ಕುಬಿಟ್ಟರು.

"ಕನ್ನಡದಲ್ಲಿ ಬೈಯುದು ಕೇಳದೆ ಎಷ್ಟು ಕಾಲ ಆಯ್ತು ಮಾರಾಯ್ರೆ!"

ಹೆಸರು ಇಬ್ರಾಹಿಂ. ಬಂಟ್ವಾಳದವರು. ಅಲ್ಲೇ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಕೋಟೆಯೊಳಗೆ ಏನೇನಿದೆ ಎಂದು ಕೇಳಿದೆ.

"ಒಳಗೆ ಹೋದದ್ದೇ ಇಲ್ಲ. ದಿನಾ ಹೊರಗಿಂದ ನೋಡಿದ್ದು ಅಷ್ಟೆ. ಬರುವ ವಾರ ಇಲ್ಲಿಯದ್ದು ಖಲಾಸ್, ಊರಿಗೆ. ಮೊಮ್ಮಗಳಿಗೆ ಈ ಕೋಟೆಯ ಕತೆ ಬೇಕಂತೆ. ಎಂತ ಹೇಳುದು?"

"ನಮ್ಮ ಜೋಡಿ ಬರ್ರಿ ಕಾಕಾ" ಎಂದಳು ಸುನಂದಾ.

ನಮಾಜು ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಒಳಗೆ ದಪ್ಪ ಮಣ್ಣಿನ ಗೋಡೆ, ವಿಶಾಲ ಅಂಗಳ. ಬೋರ್ಡು ಓದಿ ಹೇಳಲು ಅವರು ಕರೆದದ್ದು ನನ್ನನ್ನಲ್ಲ, ಮೇಘಾಳನ್ನು. ಅವಳು ಇಂಗ್ಲಿಷಿನಲ್ಲಿ ಗಡಗಡ ಶುರು ಮಾಡಿದಳು.

"ನಂಗೆ ಇಂಗ್ಲಿಷ್ ಬರುದಿಲ್ಲ ಮಗಳೇ. ಕನ್ನಡದಲ್ಲಿ ಹೇಳು."

ಮೇಘಾ ಕೆಂಪಾದಳು. ನಾನು ಬಾಯಿ ಹಾಕಲು ಹೊರಟೆ. ಸುನಂದಾ ಚಿವುಟಿದಳು.

"ಇಲ್ಲಿ... ನೂರು ವರ್ಷದ ಹಿಂದ ಯುದ್ಧ ಆತು. ಮಂದಿ ಎಲ್ಲಾ ಒಳಗ ಬಂದು ಗೇಟ್ ಹಾಕ್ಕೊಂಡ್ರು. ಅವರಿಗೆ ಭಾಳ ನೀರಡಿಕಿ ಆತು."

ನೀರಡಿಕಿ! ಥೇಟ್ ಅವಳ ಅಮ್ಮನ ಧಾರವಾಡ.

"ಅಯ್ಯೋ! ಆಮೇಲೆ?"

ಆಮೇಲೆ ಏನಾಯಿತೆಂದು ಹುಡುಕಲು ಅವಳು ಮುಂದಿನ ಬೋರ್ಡಿಗೆ ಓಡಿದಳು. ಹೀಗೇ ಒಂದು ಗಂಟೆ. ಹೊರಡುವಾಗ ಇಬ್ರಾಹಿಂ ಇಡೀ ಕತೆಯನ್ನು ಒಪ್ಪಿಸಿ, "ಸರಿ ಉಂಟಾ?" ಎಂದರು. ಅವಳು ಒಂದು ಕಡೆ ತಿದ್ದಿ, "ಈಗ ಸರಿ ಅದ" ಎಂದಳು.

ನನಗೆ ಹಿಡಿಸಲಾರದಷ್ಟು ಖುಷಿ, ಜೊತೆಗೆ ತುಸು ನಾಚಿಕೆ. ಕನ್ನಡ ಮಾತಾಡು ಎಂದು ಇಷ್ಟು ವರ್ಷ ಗದರಿದೆನಲ್ಲ, ನನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನಾದರೂ ಅವಳಿಂದ ಕೇಳಿ ತಿಳಿಯಬೇಕೆಂದು ಯಾಕೆ ಅನ್ನಿಸಲಿಲ್ಲ?